ಡಿಕ್ಕಿಗೊಂದು ಕನ್ನಡಕ

ಶ್ರೀರಾಂಪುರ, ಮೈಸೂರು
೯ ಜುಲೈ ೨೦೨೫

ಧರಣಿ ಕಂದ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಪುಣೆಯಲ್ಲಿ ಮಳೆ ಜೋರು ಅಂತ ಟೀವಿಯಲ್ಲಿ ತೋರಿಸಿದರು. ಆವತ್ತಿನಿಂದ ನಿನಗೆ ಶೀತ ಆಯಿತೇನೋ ಅಂತಲೇ ಯೋಚನೆ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ಬರೆಯಲು ಕೂತರೆ ಒತ್ತಕ್ಷರಕ್ಕೇ ಅರ್ಧ ದಿನ ಹೋಗುತ್ತದೆ. ಫೋನ್ ಮಾಡಿದರೆ "ಮೀಟಿಂಗ್ ಇದೆ ಕಣವ್ವ" ಅಂತ ಇಟ್ಟುಬಿಡುತ್ತೀಯ.

ಮೊದಲು ಆ ಕನ್ನಡಕದ ವಿಷಯ. ಯುಗಾದಿಗೆ ಬಂದಾಗ ನೀನು, "ತಿರುಗೋ ಕಣಗಳು ಡಿಕ್ಕಿ ಹೊಡೆಯೋದರ ಮೇಲೆ ನನ್ನ ಕೆಲಸ" ಅಂದಿದ್ದೆ. ನನಗೆ ಮಂಡಿ ಮೊಹಲ್ಲಾದ ನಿಮ್ಮಪ್ಪನ ವೆಲ್ಡಿಂಗ್ ಅಂಗಡಿಯೇ ಕಣ್ಣಿಗೆ ಬಂತು. ತಿರುಗುವ ಚಕ್ರಕ್ಕೆ ಕಬ್ಬಿಣ ತಾಗಿದರೆ ಕಿಡಿ ಹೇಗೆ ಹಾರುತ್ತದೆ! ಅಂಗಡಿಯ ಮಂಟಯ್ಯನ ಕಣ್ಣಿಗೆ ಚೂರು ಬಿದ್ದು ಆಸ್ಪತ್ರೆ ಸೇರಿದ್ದು ನಿನಗೂ ಗೊತ್ತು. ಅದಕ್ಕೇ ಹೊಸ ವೆಲ್ಡಿಂಗ್ ಕನ್ನಡಕ ತರಿಸಿ ನಿನಗೆ ಕೊರಿಯರ್ ಮಾಡಿದೆ. ಅದನ್ನು ನಿನ್ನ ಸರ್ ಎದುರಿಗೇ ಬಿಚ್ಚುತ್ತೀಯ, ಎಲ್ಲರೂ ನಗುತ್ತಾರೆ ಅಂತ ನಾನು ಕನಸು ಕಂಡಿದ್ದೆನೇ? "ಅವ್ವ, ನಾನು ಪೆನ್ನು ಹಿಡ್ಕೊಂಡು ಲೆಕ್ಕ ಮಾಡೋಳು, ಇಲ್ಲೇನೂ ಹಾರಲ್ಲ. ನನ್ನ ಮಾನ ತೆಗೆದ್ಬುಟ್ಟೆ" ಅಂತ ಫೋನಿನಲ್ಲಿ ರೇಗಿದೆ. ಆಮೇಲೆ ನೀನಾಗಿ ಒಂದು ಸಲವೂ ಫೋನ್ ಮಾಡಿಲ್ಲ.

ಆವತ್ತು ಫೋನಿನಲ್ಲಿ ನೀನು ವಿವರಿಸಿದ್ದನ್ನು ನಾನು ಮರೆತಿಲ್ಲ ಕಣಮ್ಮ. ಪಕ್ಕದ ಮನೆ ಕುಸುಮಳಿಗೂ ಹೇಳಿದೆ. ಒಂದೊಂದು ಕಣಕ್ಕೂ ಬುಗುರಿಯಂಥ ತಿರುಗುವ ಗುಣ. ಆದರೆ ನಿಜಕ್ಕೂ ಬುಗುರಿಯ ಹಾಗೆ ತಿರುಗುವುದಿಲ್ಲ. ಎರಡು ಎದುರಾದರೆ ನಡುವೆ ಏನಾಯಿತೆಂದು ಯಾರೂ ನೋಡಲಾರರು. ಹೇಗೆ ಬಂದವು, ಹೇಗೆ ಹೋದವು, ಅಷ್ಟೇ ಸಿಗುವುದು. ಯಾವ ಕಡೆಗೆ ಹೋಗುವ ಸಾಧ್ಯತೆ ಎಷ್ಟು ಅಂತ ನಮ್ಮ ಧರಣಿ ಲೆಕ್ಕ ಹಾಕುತ್ತಾಳೆ ಅಂದೆ. ಕುಸುಮ, "ತಿರುಗಲ್ಲ ಅಂತೀಯ, ತಿರುಗೋ ಗುಣ ಅಂತೀಯ! ನಮ್ಮನೆಯವ್ರ ಥರ ಆಯ್ತು ಬುಡಕ್ಕ, ಕೆಲಸ ಮಾಡಲ್ಲ, ಕೆಲಸಗಾರ ಅಂತ ಹೆಸರು" ಅಂತ ನಕ್ಕಳು. ನಾನು ಹೇಳಿದ್ದು ಸರಿಯೇ? ತಪ್ಪಿದ್ದರೆ ತಿದ್ದು.

ನಿಮ್ಮಪ್ಪ ಚೆನ್ನಾಗಿದ್ದಾರೆ. ಅಂಗಡಿಯಿಂದ ಬಂದ ತಕ್ಷಣ "ಮಗಳು ಫೋನ್ ಮಾಡಿದ್ಲಾ?" ಅಂತಾರೆ. ಹೂಂ ಅನ್ನುತ್ತೇನೆ.

ನಿದ್ದೆಗೆಡಬೇಡ. ನಿನ್ನ ಲೆಕ್ಕಗಳು ಕೂಡಿಬರಲಿ, ಮೈ ಹುಷಾರಾಗಿರಲಿ. ಜೈ ಭೀಮ್.

ನಿನ್ನ ಅವ್ವ,
ಚಲುವಮ್ಮ

ಬರೆಯಲೋ ಬೇಡವೋ ಅಂತಿದ್ದೆ: ಕುಸುಮ ಕಸ ಗುಡಿಸಲು ಹೋಗುವ ಕಾಲೇಜಿನ ಗೇಟಿಗೆ ನಿನ್ನ ಫೋಟೋ ಇರುವ ನೋಟೀಸು ಅಂಟಿಸಿದ್ದಾರೆ. ಹದಿನೆಂಟಕ್ಕೆ ನಿನ್ನ ಭಾಷಣ, ನಮ್ಮ ಮೈಸೂರಿನಲ್ಲೇ. ಮನೆಯಿಂದ ಒಂದೇ ಬಸ್ಸು. ನೀನು ಹೇಳಲಿಲ್ಲ. ಕರೆದರೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಬಾಯಿ ತೆರೆಯುವುದಿಲ್ಲ. ಬೇಡವೆಂದರೆ ಬರುವುದಿಲ್ಲ, ನೀನೇ ಬಂದು ಒಂದು ತುತ್ತು ಉಂಡು ಹೋಗು. ಆದರೆ ನಿಮ್ಮಪ್ಪನಿಗೆ, ನೀನೇ ಫೋನ್ ಮಾಡಿ ಇಬ್ಬರನ್ನೂ ಕರೆದೆ ಅಂತ ಹೇಳಿಬಿಟ್ಟಿದ್ದೇನೆ. ಬಿಳಿ ಶರ್ಟು ಇಸ್ತ್ರಿಗೆ ಕೊಟ್ಟಿದ್ದಾರೆ.