ತಗಡಿನ ಸದ್ದು

ಕೊನೆಗೂ ನಿನ್ನೆ ನಿಮ್ಮ ತಗಡನ್ನು ಕಿತ್ತುಹಾಕಿದೆ, ಭಾವ. ಟ್ಯಾಂಕ್ ತುಂಬಿ ಹೆಚ್ಚಾದ ನೀರು ಪೈಪಿನಿಂದ ಇಳಿದು, ಅಡುಗೆಮನೆ ಕಿಟಕಿಯ ಹೊರಗಿನ ಆ ತಗಡಿನ ಮೇಲೆ ಬಿದ್ದು ಡಬಡಬ ಅಂದ ಕೂಡಲೇ ನಿಮ್ಮ ತಂಗಿ ಮೋಟಾರು ಆರಿಸುತ್ತಿದ್ದಳು. "ನೋಡಿ, ಅಣ್ಣ ಕೂಗ್ತಿದ್ದಾನೆ" ಎಂದು ನಗುತ್ತಿದ್ದಳು. ನೀವು ತೀರಿಹೋದ ಮೇಲೂ ದಿನಾ ಅದೇ ಮಾತು, ಅದೇ ನಗು. ನನ್ನ ಹೊಟ್ಟೆಯ ಉರಿಯಲ್ಲಿ ಸ್ನಾನದ ನೀರು ಕಾಯಿಸಬಹುದಿತ್ತು.

ಅದಕ್ಕೇ ಆ ಪೈಪಿಗೆ ಬಿರಡೆ ಹೊಡೆದು ನಾನೊಂದು ಯಂತ್ರ ಕೂರಿಸಿದೆ. ಬೆಲ್ಲು, ಬ್ಯಾಟರಿ, ಕೆಂಪು ದೀಪ, ಮದುವೆಮನೆಗೆ ಸಾಕಾಗುವಷ್ಟು ವೈರು. ಇವತ್ತು ಬೆಳಿಗ್ಗೆ ಟ್ಯಾಂಕ್ ತುಂಬಿತು, ಬೆಲ್ಲು ಉಸಿರೆತ್ತಲಿಲ್ಲ. ನೀರು ಮೆಟ್ಟಿಲಿಳಿದು ಹಾಸಿಗೆಯವರೆಗೂ ಬಂತು.

"ಇಷ್ಟೆಲ್ಲಾ ಯಾಕ್ರೀ ಬೇಕಿತ್ತು? ಅಣ್ಣ ಒಂದು ತಗಡು ಕಟ್ಟಿ ಹೋಗಿದ್ದ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣು ಒರೆಸಿಕೊಂಡಳು.

ಬಿರಡೆ ತೆಗೆದು, ಏಣಿ ಹತ್ತಿ ತಗಡನ್ನು ನಾನೇ ಮತ್ತೆ ಕಟ್ಟಿದೆ. ನನ್ನದೂ ಒಂದಿರಲಿ ಅಂತ ಏನಾದರೂ ಸೇರಿಸಲು ನೋಡಿದೆ. ಒಂದು ಮೊಳೆಗೂ ಜಾಗ ಬಿಟ್ಟಿಲ್ಲವಲ್ಲ ಮಾರಾಯರೇ! ಸೇರಿಸಲೂ ಏನಿಲ್ಲ, ಕೆಡಲೂ ಏನಿಲ್ಲ. ಇಷ್ಟು ಚಿಕ್ಕದು ನಿಮಗೆ ಹೇಗೆ ಹೊಳೆಯಿತು ಅಂತ ಕೇಳೋಣವೆಂದರೆ ನೀವಿಲ್ಲ.

ಸಂಜೆ ಡಬಡಬ ಅಂದಿತು. ಅವಳ ಮುಖ ಅರಳಿತು. "ಅಣ್ಣ ಬಂದ ನೋಡಿ!"

ಏಣಿ ಹತ್ತಿ ಸೊಂಟ ಹಿಡಿಸಿಕೊಂಡವನು ನಾನು, ಬಂದವರು ನೀವು!

ಈಗ ಅಡುಗೆಮನೆಯಿಂದ ಕೂಗುತ್ತಿದ್ದಾಳೆ: "ರೀ, ಊಟಕ್ಕೆ ಬನ್ನಿ, ಎಲ್ಲಾ ಆರಿಹೋಗ್ತಿದೆ!"

ಇದು ನನ್ನನ್ನೇ ಕರೆದದ್ದು, ಭಾವ. ಹೊರಟೆ.