ದರ್ಜಿಯ ಚೀಲದಲ್ಲಿದ್ದ ವೆನಿಲ್ಲಾ

ಮಾನ್ಯರೇ,

ಈ ಸಂಬೋಧನೆ ನೀವು ಕೂತಿರುವ ಕುರ್ಚಿಗೆ ಸಲ್ಲತಕ್ಕದ್ದು. ಕೂತವರಿಗೆ ಏನು ಸಲ್ಲಬೇಕೆಂಬುದನ್ನು ಪತ್ರ ಓದಿದವರು ತೀರ್ಮಾನಿಸಲಿ. ನೀವು ರಫ್ತು ಬೆಳೆಗಳ ಕಚೇರಿಯ ಮುಖ್ಯಾಧಿಕಾರಿಗಳು. ನಿಮ್ಮ ಖರೀದಿ ಅಂಗಳದಲ್ಲಿ, ನಿಮ್ಮ ಪರಿವೀಕ್ಷಕರ ಕಣ್ಣೆದುರಿನಲ್ಲಿ, ಗೇಟು ಹಾಕಿಸಿ, ನನ್ನ ತಂಗಿಯ ಗಂಡನನ್ನು ಹಾಡಹಗಲಲ್ಲಿ ಬಡಿದು ಕೊಂದರು. ವೆನಿಲ್ಲಾ ಕಳ್ಳನೆಂದು ಕೊಂದರು. ಅವನ ದೇಹ ಮಣ್ಣಿಗೆ ಸೇರಿದ ವಾರದಲ್ಲೇ ನೀವು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿರಿ: ‘ಬೆಳೆಗಾರರ ಜಾಗೃತಿಯಿಂದಾಗಿ ಈ ಹಂಗಾಮಿನಲ್ಲಿ ಕಳವು ಗಣನೀಯವಾಗಿ ತಗ್ಗಿದೆ.’ ಜಾಗೃತಿ! ಕೊಲೆಗೆ ಇಷ್ಟು ನಯವಾದ ಹೆಸರೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಅಂಗಳದ ಎದುರಿನ ವಾಚನಾಲಯವನ್ನು ನೋಡಿಕೊಳ್ಳುವವಳು ನಾನು. ಅದರ ಮಹಡಿಯಲ್ಲೇ ನನ್ನ ವಾಸ. ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕಲು ಮನಸ್ಸು ಬಾರದವಳಾದ್ದರಿಂದ ನಿಮ್ಮ ಹಿಂದಿನವರು ಆಡಿದ ಮಾತುಗಳೂ ನನ್ನ ಬಳಿ ಭದ್ರವಾಗಿವೆ. ನಾನು ಚಿಕ್ಕವಳಿದ್ದಾಗ ನಿಮ್ಮ ಕಚೇರಿ ನಾರಿನ ಗಿಡ ಹಾಕಿ ಎಂದಿತು. ಹಾಕಿದೆವು. ಹೊರದೇಶದವರು ಪ್ಲಾಸ್ಟಿಕ್ ಹಗ್ಗಕ್ಕೆ ಮರುಳಾದರು. ಲವಂಗ ಹಾಕಿ ಎಂದಿತು. ಮರ ಫಲಕ್ಕೆ ಬರುವ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಕಡಿದು ಸೌದೆ ಮಾಡಿಕೊಂಡೆವು. ಆಮೇಲೆ ಬಂತು ವೆನಿಲ್ಲಾ. ‘ಬಳ್ಳಿಯಲ್ಲಿ ಬೆಳೆಯುವ ಚಿನ್ನ’ ಎಂಬ ಭಿತ್ತಿಚಿತ್ರ ಇವತ್ತಿಗೂ ನಿಮ್ಮ ಗೋಡೆಯ ಮೇಲಿದೆ. ಚಿನ್ನವನ್ನು ಯಾರಾದರೂ ಬೇಲಿಯಿಲ್ಲದ ತೋಟದಲ್ಲಿ ತಿಂಗಳುಗಟ್ಟಲೆ ನೇತುಹಾಕುತ್ತಾರೆಯೇ? ನೀವು ಹಾಕಿಸಿದಿರಿ. ಕಳ್ಳರು ಬಂದರು. ಬಾರದೆ ಇರುತ್ತಾರೆಯೇ? ಪೊಲೀಸರನ್ನು ಕೇಳಿದರೆ ಜನ ಸಾಲದು ಎಂದರು. ನಿಮ್ಮನ್ನು ಕೇಳಿದರೆ ಸೂಜಿಯ ಅಚ್ಚು ಕೊಟ್ಟಿರಿ.

ತೋಟದ ಕೆಲಸ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಸುವಷ್ಟು ಬೆಂಡಿಗೆ ಸೂಜಿಗಳನ್ನು ನೆಟ್ಟು ಮಾಡಿದ್ದು ಈ ಅಚ್ಚು. ಒಂದೊಂದು ಮನೆಗೆ ಒಂದೊಂದು ವಿನ್ಯಾಸ. ಬಳ್ಳಿಯಲ್ಲಿರುವ ಹಸಿ ಕೋಡಿಗೆ, ಅಂದರೆ ವೆನಿಲ್ಲಾದ ಉದ್ದನೆಯ ಕಾಯಿಗೆ, ಒತ್ತಿದರೆ ಆ ಗಾಯ ಆರುವುದಿಲ್ಲ. ಕೋಡು ಬಿಸಿನೀರಲ್ಲಿ ಮುಳುಗಿ, ಕಂಬಳಿಯೊಳಗೆ ಬೆವತು, ಬಿಸಿಲಲ್ಲಿ ಒಣಗಿ ಕಪ್ಪಾಗಿ ಹಡಗು ಹತ್ತಿದರೂ ಕಲೆ ಉಳಿಯುತ್ತದೆ. ಒಳ್ಳೆಯ ಉಪಾಯವೇ. ಆದರೆ ನೀವೊಂದು ನಿಯಮ ಸೇರಿಸಿದಿರಿ: ಜಮೀನಿನ ಪತ್ರ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ ಗುರುತು. ಇನ್ನೊಬ್ಬರ ಗುರುತಿನ ಕೋಡು ಯಾರ ಕೈಯಲ್ಲಿ ಕಂಡರೂ ಅವರನ್ನು ಕಳ್ಳರೆಂದೇ ಭಾವಿಸತಕ್ಕದ್ದು, ಬೆಳೆಗಾರರೇ ತಡೆಯತಕ್ಕದ್ದು. ಹೇಗೆ ತಡೆಯಬೇಕೆಂದು ಬರೆಯಲು ನಿಮ್ಮ ಕಾಗದದಲ್ಲಿ ಜಾಗ ಉಳಿದಿರಲಿಲ್ಲವೋ ಏನೋ.

ನಮ್ಮ ಅಪ್ಪ ಸಾಯುವ ಮುಂಚೆ ತೋಟದ ಇಳಿಜಾರಿನ ಬಳ್ಳಿಗಳನ್ನು ನನ್ನ ತಂಗಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಪತ್ರ ಇರುವುದು ಅಣ್ಣನ ಹೆಸರಲ್ಲಿ. ಅಣ್ಣನಿಗೆ ಆ ಇಳಿಜಾರಿನ ಮೇಲೆ ಮೊದಲಿಂದಲೂ ಕಣ್ಣು. ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಪ್ರತಿಯೊಂದು ಹೂವಿನ ಗಂಡು ಹೆಣ್ಣನ್ನೂ ಕಡ್ಡಿಯಿಂದ ಕೂಡಿಸಬೇಕು. “ಇಷ್ಟೊಂದು ಮದುವೆ ಮಾಡಿಸಿದ್ದೀನಿ ಅಕ್ಕಾ, ಒಂದು ಮನೆಯವರೂ ಊಟಕ್ಕೆ ಕರೀಲಿಲ್ಲ ನೋಡು” ಎಂದು ತಂಗಿ ನಗುತ್ತಿದ್ದಳು. ತನಗೊಂದು ಸ್ವಂತ ಗುರುತು ಕೊಡಿ ಎಂದು ಕೇಳಲು ಅವಳು ನಿಮ್ಮ ಕಚೇರಿಗೆ ಬಂದಾಗ ಜೊತೆಗೆ ನಾನೂ ಇದ್ದೆ.

“ಗಂಡನ ಹೆಸರಲ್ಲಿ ಜಮೀನಿದೆಯೇನಮ್ಮಾ?” ಎಂದರು ನಿಮ್ಮ ಪರಿವೀಕ್ಷಕರು.

“ಅವರು ದರ್ಜಿ ಸಾರ್. ಹೊಲಿಗೆ ಮಿಷನ್ ಇದೆ.”

“ಹಾಗಾದ್ರೆ ಮಿಷನ್‌ಗೇ ಗುರುತು ಹೊಡೆಸ್ಕೋ ಹೋಗು.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳು ಮನೆಗೆ ಹೋಗಿ, ಅಣ್ಣನ ಅಚ್ಚನ್ನೇ ಕೇಳಿ ತಂದು, ತಾನು ಬೆಳೆದ ಕೋಡುಗಳಿಗೆ ಅವನ ಮನೆಯ ಗುರುತನ್ನೇ ಒತ್ತಿದಳು. ಬೇರೆ ದಾರಿ ಯಾವುದಿತ್ತು?

ಆ ದಿನ ಅವಳ ಕಾಲು ಉಳುಕಿತ್ತು. ಗಂಡ ಅಂಗಡಿ ಮುಚ್ಚಿ, ತಾನೇ ಮಾಲು ಹೊತ್ತು ತಂದ. ಕಳವು ಶುರುವಾದಾಗಿನಿಂದ ಬೆಳೆಗಾರರು ಎಲ್ಲರಿಗೂ ಕಾಣುವಂತೆ ತೆರೆದ ಬುಟ್ಟಿಯಲ್ಲೇ ಕೋಡು ತರುತ್ತಾರೆ. ಅವನು ತೋಟದವನಲ್ಲ. ಹೆಂಡತಿಯ ಬೆಳೆಗೆ ಬಿಸಿಲು ತಾಗಬಾರದೆಂದು ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಬಾಯಿಗೆ ದಾರ ಎಳೆಯುವ ಹಾಗೆ ಒಂದು ಚೀಲ ಹೊಲಿದಿದ್ದ. ದರ್ಜಿ ಮಾತ್ರ ಮಾಡಬಹುದಾದ ತಪ್ಪು ಅದು. ಅದೊಂದೇ ಅವನು ಮಾಡಿದ ತಪ್ಪು.

ನಾನು ಕಿಟಕಿಯಲ್ಲಿದ್ದೆ. ಗೇಟಿನ ಕಾವಲುಗಾರ ತಮಾಷೆಯಾಗಿಯೇ ಶುರುಮಾಡಿದ. “ಏನಪ್ಪಾ ದರ್ಜಿ, ಚೀಲದಲ್ಲಿ ಯಾರ ಲಂಗ?” ದಾರ ಸಡಿಲಿಸಿ ನೋಡಿದವನ ದನಿ ಬದಲಾಯಿತು. “ನಿನಗೆಲ್ಲಿಂದ ಬಂತೋ ಇದು?”

“ಹೆಂಡತಿ ಬೆಳೆದಿದ್ದು. ಗುರುತು ಅವಳ ಅಣ್ಣಂದು. ಅಗೋ, ಸಾಲಿನಲ್ಲೇ ನಿಂತಿದ್ದಾರೆ, ಅವರನ್ನೇ ಕೇಳಿ.”

ಅಷ್ಟರಲ್ಲಿ ಜನ ಮುತ್ತಿದ್ದರು. ಗುರುತು ಹೋಲಿಸಲು ಅಣ್ಣ ತನ್ನ ಅಚ್ಚನ್ನು ಕೈಯಲ್ಲಿ ಹಿಡಿದೇ ಬಂದ. “ಯಾರ ಗುರುತಣ್ಣಾ ಇದು?” ಎಂದು ಕೇಳಿದರು. “ನಮ್ದೇ” ಎಂದ. “ನೀನು ಕೊಟ್ಟಿದ್ದಾ ಇವನಿಗೆ?” ಅಣ್ಣ ಕೈಯಲ್ಲಿದ್ದ ಅಚ್ಚನ್ನು ತಿರುಗಿಸಿ ನೋಡತೊಡಗಿದ. ದರ್ಜಿ ನಕ್ಕ. ದೇವರಾಣೆಗೂ ನಕ್ಕ. “ಭಾವ, ತಮಾಷೆ ಸಾಕು, ಹೇಳಿ ಬೇಗ. ಇವರು ನಿಜ ಅಂದ್ಕೊಂಡಾರು.”

“ನಾನ್ಯಾಕೆ ಕೊಡ್ಲಿ?” ಎಂದ ನನ್ನ ಅಣ್ಣ.

ಮೊದಲ ಏಟು ಅಂಗಳದ ಗೋಡೆಗೆ ಒರಗಿಸಿದ್ದ, ಬಳ್ಳಿಗೆ ಆಸರೆ ಕೊಡುವ ಗೂಟದಿಂದ, ಮಂಡಿಗೆ ಬಿತ್ತು. ಅವನು ಕುಸಿದ ಮೇಲೆ ಲೆಕ್ಕವಿಲ್ಲ. ಕಾಲಲ್ಲಿ ಒದ್ದರು, ತಕ್ಕಡಿಯ ಕಬ್ಬಿಣದ ತೂಕದ ಬೊಟ್ಟಿನಿಂದ ಬೆರಳುಗಳನ್ನು ಜಜ್ಜಿದರು. ದರ್ಜಿಯ ಬೆರಳು, ಸ್ವಾಮಿ. ನಾನು ಮೆಟ್ಟಿಲಿಳಿದು ಓಡಿ ಬರುವಷ್ಟರಲ್ಲಿ ಗೇಟು ಹಾಕಿತ್ತು. ‘ಹೊರಗಿನವರು ಒಳಗೆ ಬರೋದು ಬೇಡ’ ಎಂದು ಪರಿವೀಕ್ಷಕರ ಅಪ್ಪಣೆಯಂತೆ. ಕಂಬಿ ಹಿಡಿದು ಕಿರುಚಿದೆ. ಅವರು ಜಗುಲಿಯಿಂದಲೇ ಕೈ ಎತ್ತಿ ಹೇಳಿದರು: “ಮೇಡಂ, ಇದು ಬೆಳೆಗಾರರ ಆಂತರಿಕ ವಿಷಯ. ಕಚೇರಿ ಮಧ್ಯೆ ಬರೋ ಹಾಗಿಲ್ಲ.” ಮಧ್ಯೆ ಬರಲಾಗದ ಕಚೇರಿಗೆ ಗೇಟು ಹಾಕಿಸಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಅವನು ಒದ್ದಾಡುವುದು ನಿಂತ ಮೇಲೂ ಅವರು ನಿಲ್ಲಿಸಲಿಲ್ಲ. ಹೆಣ ತೊಳೆಯುವಾಗ ತಂಗಿ ಒಮ್ಮೆಲೇ ಕೈ ಹಿಂದಕ್ಕೆ ಎಳೆದುಕೊಂಡಳು. ಅವನ ಕೆನ್ನೆಯ ಮೇಲೆ ಸೂಜಿಯ ತೂತುಗಳು. ಗುಂಪಿನಲ್ಲಿ ಯಾರೋ ಅಚ್ಚು ಒತ್ತಿದ್ದರು. ಅವಳು ಹುಡುಗಿಯಾಗಿದ್ದಾಗ ಅಪ್ಪನ ಪಕ್ಕದಲ್ಲಿ ಕೂತು ಕೋಡುಗಳಿಗೆ ಒತ್ತಲು ಕಲಿತ ಅದೇ ಗುರುತು. ಅಚ್ಚು ಇದ್ದದ್ದು ಅಣ್ಣನ ಕೈಯಲ್ಲಿ. “ಯಾರೋ ಕಿತ್ಕೊಂಡ್ರು” ಅನ್ನುತ್ತಾನೆ. ಇರಬಹುದು. “ನಾನೇನು ಸುಳ್ಳು ಹೇಳಿದ್ನಾ? ಗುರುತು ನಮ್ದೇ ತಾನೆ?” ಎಂದೂ ಅನ್ನುತ್ತಾನೆ. ನಿಮ್ಮ ನಿಯಮದ ಪ್ರಕಾರ ಹೌದು, ಒಂದಕ್ಷರ ಸುಳ್ಳಿಲ್ಲ. ಸುಳ್ಳಿನ ಹಂಗೇ ಇಲ್ಲದೆ ಒಬ್ಬ ಮನುಷ್ಯನನ್ನು ಕೊಲ್ಲಿಸುವ ಏರ್ಪಾಡನ್ನು ನೀವು ಕಟ್ಟಿದ್ದೀರಿ. ಹೊರದೇಶದವರು ಇದನ್ನೂ ಕೊಳ್ಳುತ್ತಾರೇನೋ, ವಿಚಾರಿಸಿ ನೋಡಿ. ಅಂದಹಾಗೆ, ನೆಲ ತೊಳೆಸಿದ ಮೇಲೆ ನಿಮ್ಮವರು ಆ ಕೋಡುಗಳನ್ನು ತೂಗಿ, ಗುರುತು ನೋಡಿ, ಅಣ್ಣನ ಹೆಸರಿಗೆ ಸೇರಿಸಿದರು. ಕೆಲಸ ಅಚ್ಚುಕಟ್ಟು.

ಪೊಲೀಸರು ಬರೆದುಕೊಂಡಿದ್ದು ‘ಅಪರಿಚಿತರ ಗುಂಪು’ ಎಂದು. ಅಪರಿಚಿತರೇ? ಆ ಗುಂಪಿನಲ್ಲಿದ್ದ ಅರ್ಧಕ್ಕರ್ಧ ಜನರ ಮೈಮೇಲೆ ಅವನೇ ಹೊಲಿದ ಅಂಗಿಗಳಿದ್ದವು. ಗೂಟ ಎತ್ತಿದ ತೋಳಿನ ಉದ್ದ ಅವನಿಗೆ ಬಾಯಿಪಾಠವಿತ್ತು. ಯಾರ ಒಂದು ಭುಜ ಇಳಿದಿದೆ, ಯಾರ ಹೊಟ್ಟೆ ಮುಂದಿದೆ, ಎಲ್ಲವನ್ನೂ ಬಲ್ಲವನಾಗಿ, ಯಾರಿಗೂ ಹೇಳದೆ, ಬಟ್ಟೆಯಲ್ಲೇ ಮುಚ್ಚಿಕೊಡುತ್ತಿದ್ದ. ಅವರ ಮುಖಗಳು ನನಗೂ ಗೊತ್ತು, ನಿಮ್ಮ ಪರಿವೀಕ್ಷಕರಿಗೂ ಗೊತ್ತು. ಆದರೆ ಅಂಗಳ ನಿಮ್ಮ ಕಚೇರಿಯದು, ಕಚೇರಿಯೇ ದೂರು ಕೊಡಬೇಕು, ಗೇಟಿನ ಹೊರಗಿದ್ದವಳ ಮಾತು ಸಾಲದು ಎನ್ನುತ್ತದೆ ಠಾಣೆ.

ಈಗ ಇಳಿಜಾರಿನಲ್ಲಿ ಉಳಿದ ಕೋಡುಗಳು ಬಲಿತಿವೆ. ಇನ್ನು ಕಾದರೆ ಸೀಳುತ್ತವೆ. ಅವುಗಳ ಮೇಲಿರುವುದೂ ಅಣ್ಣನ ಗುರುತೇ. ಬಿಟ್ಟುಬಿಡು ಎಂದೆ ತಂಗಿಗೆ. “ಬಿಟ್ರೆ ನಮ್ಮವರು ಕಳ್ಳರೇ ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ ಅಕ್ಕಾ?” ಎಂದಳು. ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ? ಮುಂದಿನ ಖರೀದಿಯ ದಿನ ಅವಳು ಆ ಮಾಲು ಹೊತ್ತು ನಿಮ್ಮ ಅಂಗಳಕ್ಕೆ ಬರುತ್ತಾಳೆ, ಪಕ್ಕದಲ್ಲಿ ನಾನಿರುತ್ತೇನೆ. ನಿಮ್ಮ ನಿಯಮದಂತೆ ನಾವಿಬ್ಬರೂ ಕಳ್ಳಿಯರು. ಗೂಟಗಳು ಅಲ್ಲೇ ಒರಗಿವೆ.

ಆದ್ದರಿಂದ ಆ ದಿನಕ್ಕೆ ಮುಂಚೆ ಆ ನಿಯಮವನ್ನು ಹರಿದುಹಾಕಿ, ಬೆಳೆದವರಿಗೆ ಗುರುತು ಕೊಡಿ. ಅವನು ಕಳ್ಳನಲ್ಲವೆಂದು, ಜಾಗೃತಿಯ ಬಗ್ಗೆ ಹೇಳಿಕೆ ಕೊಟ್ಟ ಅದೇ ಪತ್ರಿಕೆಗಳಲ್ಲಿ ಹೇಳಿ. ಪರಿವೀಕ್ಷಕರನ್ನು ಜಗುಲಿಯಿಂದಿಳಿಸಿ ಠಾಣೆಗೆ ಕಳಿಸಿ, ಕಂಡದ್ದನ್ನು ಕಂಡಂತೆ ಬರೆಸಿ. ಅವರಿಗೆ ಹೆಸರುಗಳು ನೆನಪಾಗದಿದ್ದರೆ ನಾನು ಹೇಳಿಕೊಡುತ್ತೇನೆ. ಮೊದಲನೆಯದಾಗಿ ನನ್ನ ಅಣ್ಣನ ಹೆಸರು ಬರೆಯಲಿ.

ಇಂತಿ,
ಸಾಕ್ಷಿ ಹೇಳಲು ಸಿದ್ಧಳಿರುವ,
ಈ ಪತ್ರ ಅಚ್ಚಾದ ದಿನದಿಂದ ತವರಿಲ್ಲದವಳಾದ
ಒಬ್ಬ ಅಕ್ಕ