ನಾನು ಅನ್ನದ ಹೂಂ

ಇಬ್ರಾಹಿಂಪುರ, ವಿಜಯಪುರ
೧೬ ಜನವರಿ ೨೦೨೫

ಬಬಲೇಶ್ವರದ ಶಾಂಭವಿ ಗುರಲಿಂಗಪ್ಪ ಅವರಿಗೆ, ಜೈಭೀಮ್.

ಇಷ್ಟು ವರ್ಷ ‘ಲೇ ಶಾಂಭು’ ಎಂದೇ ಶುರು ಮಾಡುತ್ತಿದ್ದೆ. ಈವತ್ತು ಅದನ್ನು ಬರೆಯಲು ಕೈ ಏಳಲಿಲ್ಲ. ಮೊಬೈಲಿಗೆ ಕಳಿಸಿದರೆ ಅರ್ಧ ಓದಿ ಅಳಿಸಿಬಿಡುತ್ತೀ, ಅಳಿಸುವುದು ನಿನಗೆ ಈಗ ಸಲೀಸಾಗಿದೆ. ಅದಕ್ಕೇ ಕಾಗದ.

ಭಾನುವಾರ ಬಿಜ್ಜರಗಿಗೆ ಹೋಗಿದ್ದೆ. ಅವ್ವ ಆಡುಗಳಿಗೆ ತಪ್ಪಲು ಹಾಕುತ್ತಿದ್ದಳು. ನನ್ನ ಮುಖ ನೋಡದೆ, ಕೈಕೆಲಸವನ್ನೂ ಬಿಡದೆ ಅಂದಳು: ‘ತಿಕೋಟಾದ ಗುರಣ್ಣ ಬಂದಿದ್ದ. ಹೊಸಾ ಮುಗಿಲಿನ್ಯಾಗ ನಿನ್ನ ದನಿ ಇಲ್ಲ ಸೀತವ್ವಾ, ನಿನ್ನ ಮಗಳ ತಗಿಸ್ಯಾಳ ಅಂದ. ಬಿಡ ಯವ್ವಾ, ಚಲೋ ಮಾಡಿದಿ. ನನ್ನ ದನಿ ಒಡಕ ಐತಿ. ಕಲತ ಮಂದ್ಯಾಗ ನಿನಗ ಹ್ಯಾಂಗರೆ ಆಗತಿತ್ತು.’

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಾಡದ ತಪ್ಪಿಗೆ ಅವಳು ನನ್ನನ್ನು ಕ್ಷಮಿಸಿಬಿಟ್ಟಿದ್ದಳು. ಗುರಣ್ಣನದೂ ತಪ್ಪಿಲ್ಲ. ಮಳೆಯ ಎಚ್ಚರಿಕೆ ಕೂಗುವ ನಮ್ಮ ‘ಮುಗಿಲು’ ತಂತ್ರಾಂಶದ ಪ್ರತಿ ಆವೃತ್ತಿಯನ್ನೂ ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ಅವನಂಥ ನಾಲ್ಕಾರು ಬೆಳೆಗಾರರಿಗೆ ಕೊಡುವ ಪದ್ಧತಿ ಇಟ್ಟವರು ನಾವೇ. ಅವನು ಕಂಡದ್ದನ್ನು ಹೇಳಿದ.

ಅಲ್ಲೇ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಹೊಸ ಆವೃತ್ತಿಯ ಯೋಜನೆಯ ಪುಟ ತೆರೆದೆ. ಬ್ಯಾಟರಿ ಬೇಗ ಇಳಿಯುವುದನ್ನು ಸರಿಪಡಿಸುವುದು, ಮಳೆಯ ಮುನ್ಸೂಚನೆ ಇನ್ನಷ್ಟು ಮೊದಲೇ ಕೊಡುವುದು, ಒಣದ್ರಾಕ್ಷಿ ಶೆಡ್ಡಿನ ಕೆಲಸಕ್ಕೆ ಬರುವವರಿಗಾಗಿ ಮರಾಠಿ ಸೇರಿಸುವುದು, ಇವೆಲ್ಲ ನಾವಿಬ್ಬರೂ ಸಿದ್ಧೇಶ್ವರ ಗುಡಿಯ ಹತ್ತಿರ ಚಹಾ ಕುಡಿಯುತ್ತ ಮಾತಾಡಿಕೊಂಡಿದ್ದವೇ. ಅವುಗಳ ಕೆಳಗೆ ಹೊಸದೊಂದು ಇತ್ತು: ಹಳೆಯ ಧ್ವನಿ ತೆಗೆದು ಶುದ್ಧ ಕನ್ನಡದ ಧ್ವನಿ ಹಾಕುವುದು. ಅದಕ್ಕೆ ಮೊದಲು ನಿನ್ನ ಹೂಂ, ಅಂದರೆ ಒಪ್ಪಿಗೆ. ಅದರ ಕೆಳಗೆ ನನ್ನ ಹೂಂ, ನನ್ನ ಹೆಸರು, ನನ್ನ ಫೋಟೊ ಸಮೇತ.

ಇಬ್ಬರ ಹೂಂ ಬೀಳದೆ ಮುಗಿಲಿನಲ್ಲಿ ಒಂದು ಅಕ್ಷರವೂ ಬದಲಾಗಬಾರದು ಎಂಬ ಕಟ್ಟಳೆ ಮಾಡಿದವಳು ನೀನು. ಊರ ಮಂದಿಗೆಲ್ಲ ಬಿಟ್ಟಿಯಾಗಿ ಕೊಡುವ ತಂತ್ರಾಂಶ, ಅದರ ಕೋಡು ಯಾರು ಬೇಕಾದರೂ ತೆರೆದು ನೋಡುವಂಥದ್ದು, ಹಾಗಾಗಿ ನಮ್ಮ ಜಗಳವೂ ಎಲ್ಲರಿಗೆ ಕಾಣುವಂತೆಯೇ ಇರಬೇಕು ಎಂದು ನೀನೇ ಅಂದಿದ್ದೆ. ನನಗೆ ಡೆಂಗ್ಯೂ ಬಂದು ಮಲಗಿದ್ದಾಗ ತುರ್ತಾಗಿ ದೋಷವೊಂದನ್ನು ಸರಿಪಡಿಸಬೇಕಾಗಿತ್ತು. ನಿನಗೆ ನನ್ನ ಪಾಸ್‌ವರ್ಡ್ ಕೊಟ್ಟೆ. ಎದ್ದ ಮೇಲೆ ಬದಲಿಸಬೇಕಿತ್ತು. ಬದಲಿಸಿದರೆ ನಿನ್ನನ್ನು ನಂಬುವುದಿಲ್ಲ ಅಂದಂತಾಗುತ್ತದಲ್ಲ ಎಂದು ನಾಚಿಕೊಂಡು ಸುಮ್ಮನಾದೆ. ಎಂಥ ಮಳ್ಳಿ ನಾನು!

ಆ ದನಿ ಹುಟ್ಟಿದ್ದಾದರೂ ಹೇಗೆ ಎಂದು ನಿನಗೆ ಮರೆತಿರಲಿಕ್ಕಿಲ್ಲ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮಾಡುವವರ ಕೈ ಅಂಟಂಟು, ಮೊಬೈಲು ಮುಟ್ಟಿ ಓದುವುದು ಯಾರು, ಮೊಬೈಲೇ ಕೂಗಿ ಹೇಳಬೇಕು ಎಂದವಳು ನೀನು. ಹೊರಗಿನ ಸದ್ದು ಬೀಳದಿರಲೆಂದು ನಮ್ಮವ್ವನನ್ನು ಕಂಬಳಿಯೊಳಗೆ ಕೂರಿಸಿ, ಅವಳ ಬಾಯಿಗೆ ಮೊಬೈಲು ಹಿಡಿದವಳೂ ನೀನೇ. ‘ಮುಗಿಲ ಕಟ್ಟೇತಿ, ತಾಡಪತ್ರಿ ಇಳಿಸ್ರಿ, ತಡಾ ಮಾಡಬ್ಯಾಡ್ರಿ’ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಆಡು ಒದರಿತು. ನಾನು ಕತ್ತರಿಸೋಣ ಎಂದೆ, ನೀನು ಇರಲಿ ಬಿಡು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಡು ಒದರಿತೆಂದರೆ ಮಳೆ ಖಾತ್ರಿ ಎಂದು ತಿಕೋಟಾದ ಮಂದಿ ಈಗಲೂ ಚೇಷ್ಟೆ ಮಾಡುತ್ತಾರೆ. ಕಳೆದ ವರ್ಷ ಮಾರ್ಚಿನಲ್ಲಿ ಅಕಾಲಿಕ ಮಳೆ ಬಿದ್ದಾಗ ನಿಮ್ಮಪ್ಪನ ಶೆಡ್ಡಿಗೆ ತಾಡಪತ್ರಿ ಇಳಿದದ್ದು ಆ ದನಿ ಕೇಳಿಯೇ.

ಭಾನುವಾರ ಸಂಜೆ ಫೋನು ಮಾಡಿದೆ. ನೀನು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಸಂತೋಷ. ಆ ದನಿ ಯಾರದೆಂದು ಯಾರೋ ನಿಮ್ಮಪ್ಪನ ಕಿವಿಗೆ ಹಾಕಿದ್ದರಂತೆ. ಪಡಸಾಲೆಯಲ್ಲಿ ನಾಲ್ಕು ಮಂದಿ ದೊಡ್ಡ ಬೆಳೆಗಾರರ ಮುಂದೆ ಅವರು ಅಂದರಂತೆ: ‘ನಮ್ಮ ತ್ವಾಟದಾಗ ಗೊನಿ ಕೊಯ್ಯಾಕ ಬರತಿದ್ದಾಕಿ ಈಗ ನಮ್ಮ ಮನ್ಯಾಗ ಕುಂತ ನಮಗ ಹುಕುಂ ಮಾಡತಾಳನು?’ ದನಿ ಬದಲಿಸಿದರೆ ಅವರೆಲ್ಲ ಮುಗಿಲನ್ನು ಬಳಸುತ್ತಾರೆ, ಬಬಲೇಶ್ವರದ ಶೆಡ್ಡುಗಳೆಲ್ಲ ನಮಗೆ ಬರುತ್ತವೆ ಎಂದು ನೀನು ವಿವರಿಸಿದೆ. ನಾನು ಕೇಳಿಸಿಕೊಂಡೆ. ಆಮೇಲೆ ನೀನು ಅಂದದ್ದೊಂದಿದೆಯಲ್ಲ, ಅದು ಮಾತ್ರ ಎದೆಯಿಂದ ಇಳಿಯುತ್ತಿಲ್ಲ: ‘ನಿನ್ನ ಹೂಂ ಇದ್ರ ಯಾರೂ ಏನೂ ಅನ್ನಂಗಿಲ್ಲ ಆಮ್ರಪಾಲಿ. ಮಗಳೇ ಒಪ್ಪ್ಯಾಳ ಅಂದಮ್ಯಾಗ ಮುಗೀತಲ್ಲ.’

ನೋಡು, ನಿಮ್ಮಪ್ಪ ಅಂದದ್ದು ನನಗೆ ಹೊಸದಲ್ಲ. ಅವರ ಮೇಲೆ ನಾನು ಭರವಸೆ ಇಟ್ಟವಳೇ ಅಲ್ಲ, ಹಾಗಾಗಿ ಅವರು ನನಗೆ ಮೋಸ ಮಾಡಿಲ್ಲ. ನೀನು ಅವರ ಮುಂದೆ ಬಾಯಿ ಬಿಡಲಾಗದೆ ಹೋಗಿದ್ದರೂ ನನಗೆ ಅರ್ಥವಾಗುತ್ತಿತ್ತು. ನನ್ನ ಹತ್ತಿರ ಬಂದು ಅತ್ತಿದ್ದರೆ ನಾನೂ ನಿನ್ನ ಜೊತೆ ಅಳುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ನಮ್ಮವ್ವನ ಬಾಯಿ ಮುಚ್ಚಿಸಲು ನನ್ನದೇ ಕೈ ಬಳಸಿದೆ. ಮೋಸ ಎಂದರೆ ಇದು, ಇದಕ್ಕೆ ಬೇರೆ ಹೆಸರಿಲ್ಲ.

ಇನ್ನು ಬಿಡುಗಡೆಯ ಮಾತು. ಪಾಸ್‌ವರ್ಡ್ ಬದಲಿಸಿದ್ದೇನೆ. ಪುಟದಲ್ಲಿ ‘ಈ ಹೂಂ ನಾನು ಅಂದದ್ದಲ್ಲ, ಹಿಂದೆ ತೆಗೆದುಕೊಳ್ಳುತ್ತೇನೆ’ ಎಂದು ಬರೆದಿದ್ದೇನೆ. ಅಂದವರು ಯಾರೆಂದು ಬರೆದಿಲ್ಲ. ಅದನ್ನು ನೀನೇ ಬರೆಯಬೇಕು. ಒಂದು ಹೂಂ ಹೋದ ಮೇಲೆ ಆ ಬದಲಾವಣೆ ನಿಲ್ಲುವುದಿಲ್ಲ, ಹಾಗಾಗಿ ನೀನು ತೆಗೆದ ದನಿಯನ್ನು ಹಳೆಯ ಆವೃತ್ತಿಯಿಂದ ತಂದು ಮತ್ತೆ ಇಟ್ಟಿದ್ದೇನೆ, ಆಡಿನ ಸಮೇತ. ಬ್ಯಾಟರಿಯದ್ದು, ಮರಾಠಿಯದ್ದು, ಎಲ್ಲವೂ ಇದೇ ಆವೃತ್ತಿಯಲ್ಲಿ ಬರುತ್ತವೆ. ಸುಗ್ಗಿ ತಲೆಯ ಮೇಲೆ ಬಂದು ಕೂತಿದೆ, ನಮ್ಮ ಜಗಳಕ್ಕೆ ಯಾರದೋ ಒಣದ್ರಾಕ್ಷಿ ತೊಯ್ಯಬಾರದು.

ನಿಮ್ಮ ಪಡಸಾಲೆಗೆ ಶುದ್ಧ ಕನ್ನಡವೇ ಬೇಕಾದರೆ ಕೋಡು ಬಯಲಲ್ಲೇ ಇದೆ. ಇನ್ನೊಂದು ಪ್ರತಿ ಮಾಡಿಕೊ, ಬೇರೆ ಹೆಸರಿಡು, ಬೇಕಾದ ದನಿ ಹಾಕಿಕೊ, ನಾನು ತಕರಾರು ಮಾಡುವುದಿಲ್ಲ. ಇಂಥ ತಂತ್ರಾಂಶದ ಧರ್ಮವೇ ಅದು. ಆದರೆ ಅದರಲ್ಲಿ ನನ್ನ ಹೂಂ ಇರಬಾರದು.

ಬಿಡುಗಡೆಗೆ ಮೊದಲು ಅವ್ವನ ಕೈಗೆ ಕೊಟ್ಟು, ಅವಳಿಗೆ ನಡೆಸಲು ಬಂದರೆ ಮಾತ್ರ ಊರಿಗೆ ಬಿಡುವುದು ನಮ್ಮ ರೂಢಿಯಲ್ಲವೇ. ಈ ಸಲ ಅದಕ್ಕೆ ನಾನೊಬ್ಬಳೇ ಹೋಗುತ್ತೇನೆ. ಸಂಕ್ರಾಂತಿಗೆ ಹೋದಾಗ ಅವಳಿಗೆ ಎಲ್ಲ ಹೇಳಿದ್ದೇನೆ, ಹೂಂ ಅಂದದ್ದು ನಾನಲ್ಲ, ಶಾಂಭವಿ ಎಂದು. ಹಾಗಾಗಿ ಇನ್ನು ಬಿಜ್ಜರಗಿಯ ಕಡೆ ಬರಬೇಡ. ಬಂದರೆ ಅವಳ ಮುಖ ನೋಡುವುದು ನಿನಗೇ ಕಷ್ಟ.

ಇಷ್ಟೇ.

ಆಮ್ರಪಾಲಿ ಭಾಗಪ್ಪ

ತಾ.ಕ.: ಶಾಂಭು, ಮೇಲೆ ಬರೆದದ್ದರಲ್ಲಿ ಒಂದು ಸುಳ್ಳು. ಅವ್ವನಿಗೆ ನಾನು ಹೇಳಿಲ್ಲ. ಹೇಳಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಒಲೆಯ ಮುಂದೆ ಕುಳಿತು ಶೇಂಗಾ ಹೋಳಿಗೆ ಎಣ್ಣೆಗಾಗದದಲ್ಲಿ ಸುತ್ತುತ್ತಿದ್ದಳು. ‘ಇವು ಶಾಂಭವಿಗಿ ಮುಟ್ಟಸ. ನನ್ನ ದನಿ ತಗಿಬ್ಯಾಡ ಅಂತ ಆಕಿ ನಿನ್ನ ಕೂಡ ಜಗಳಾಡಿರತಾಳ, ಪಾಪ. ನೀ ಕೇಳಿರಂಗಿಲ್ಲ’ ಅಂದಳು. ನಾನು ಹೂಂ ಅಂದೆ. ಹೋಳಿಗೆ ಈ ಕಾಗದದ ಜೊತೆಗಿವೆ.